ಉಡಿಗಾಲದ ಬಯಲಿನಲ್ಲೊಂದು ಪ್ರಯೋಗಶಾಲೆ

ಮೈಸೂರಿನಿಂದ ತೆಂಕಣಕ್ಕೆ ಹೊರಡುವ ಪ್ರವಾಸಿಗರಲ್ಲಿ ಹೆಚ್ಚಿನವರು ನಂಜನಗೂಡಿನ ಶ್ರೀಕಂಠೇಶ್ವರನಿಗೆ ಕೈಮುಗಿದು, ಗುಂಡ್ಲುಪೇಟೆಯಲ್ಲಿ ಕಾಫಿ ಕುಡಿದು, ಬಂಡೀಪುರದ ಆನೆಯನ್ನೋ ಊಟಿಯ ಚಳಿಯನ್ನೋ ಅರಸಿಕೊಂಡು ಮುಂದಕ್ಕೆ ಸಾಗಿಬಿಡುತ್ತಾರೆ. ಗುಂಡ್ಲುಪೇಟೆಯಿಂದ ಮೂಡಣಕ್ಕೆ, ಚಾಮರಾಜನಗರದ ಕಡೆಗೆ ಹೊರಳುವವರು ಕಡಿಮೆ. ಹೊರಳಿದವರಿಗೆ ಮೊದಲು ಎದುರಾಗುವುದು ಹಳೆಯ ದೇವಾಲಯಗಳ ತೆರಕಣಾಂಬಿ. ಅಲ್ಲಿಂದಾಚೆಗೆ ಕಣ್ಣು ಹಾಯುವಷ್ಟು ದೂರವೂ ಬಯಲು. ಅರಿಶಿನ, ಬಾಳೆ, ಜೋಳ, ಹುರುಳಿ. ಕಾಲ ಒದಗಿದರೆ ಚೆಂಡುಹೂವಿನ ಕೇಸರಿ, ಸೂರ್ಯಕಾಂತಿಯ ಹಳದಿ. ಹಿಂದೆ ಅರಿಕುಠಾರವೆನಿಸಿದ್ದ ಊರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯ ಹೆಸರಿಟ್ಟು ಚಾಮರಾಜನಗರವನ್ನಾಗಿ ಮಾಡಿದರು. 1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಅದು ತಾನೇ ಒಂದು ಜಿಲ್ಲೆಯ ಕೇಂದ್ರವಾಯಿತು. ಉಡಿಗಾಲವು ಈ ಸೀಮೆಯ ಒಂದು ಊರು.

ಇಂಥ ಊರುಗಳಿಗೆ ದೇವರ ದರ್ಶನಕ್ಕಾಗಲಿ ಆನೆಯ ದರ್ಶನಕ್ಕಾಗಲಿ ಅಲ್ಲದೆ ಬರುವ ಒಂದು ಬಗೆಯ ಯಾತ್ರಿಕರುಂಟು. ಹಾಸಿಗೆಯ ಸುರುಳಿ, ತಟ್ಟೆ ಲೋಟ, ಸಲಿಕೆ ಗುದ್ದಲಿಗಳೊಡನೆ ಅವರು ಶಾಲೆಯ ಜಗಲಿಯಲ್ಲೋ ಸಮುದಾಯ ಭವನದಲ್ಲೋ ಬಂದಿಳಿಯುತ್ತಾರೆ. ಏಳು ದಿನ ಅಲ್ಲೇ ಉಣ್ಣುತ್ತಾರೆ, ಅಲ್ಲೇ ಮಲಗುತ್ತಾರೆ. ಅವರು ಕಾಲೇಜಿನ ಹುಡುಗ ಹುಡುಗಿಯರು. ರಾಷ್ಟ್ರೀಯ ಸೇವಾ ಯೋಜನೆಯ ಸ್ವಯಂಸೇವಕರು. ಗಾಂಧೀಜಿಯವರ ಶತಮಾನೋತ್ಸವದ ವರ್ಷವಾದ 1969ರ ಸೆಪ್ಟೆಂಬರ್ 24ರಂದು, ಡಾಕ್ಟರ್ ವಿ. ಕೆ. ಆರ್. ವಿ. ರಾವ್ ಅವರು ಕೇಂದ್ರದ ಶಿಕ್ಷಣ ಸಚಿವರಾಗಿದ್ದಾಗ, 37 ವಿಶ್ವವಿದ್ಯಾನಿಲಯಗಳಲ್ಲಿ ಈ ಯೋಜನೆ ಆರಂಭವಾಯಿತು. ಕೊನಾರ್ಕದ ಸೂರ್ಯರಥದ ಚಕ್ರ ಅದರ ಲಾಂಛನ. ಸೇರಿದವರು ವರ್ಷಕ್ಕೆ 120 ಗಂಟೆಗಳಂತೆ ಎರಡು ವರ್ಷ ಸೇವೆ ಸಲ್ಲಿಸಬೇಕು. ಜೊತೆಗೆ ಒಮ್ಮೆಯಾದರೂ ಹಳ್ಳಿಯೊಂದರಲ್ಲಿ ಶಿಬಿರ ಹೂಡಬೇಕೆಂಬುದು ಪದ್ಧತಿ.

ಶಿಬಿರದ ದಿನಚರಿ ಎಲ್ಲ ಊರುಗಳಲ್ಲೂ ಹೆಚ್ಚುಕಡಿಮೆ ಒಂದೇ. ನಸುಕಿನಲ್ಲಿ ಪ್ರಭಾತಫೇರಿ, ಆಮೇಲೆ ಚರಂಡಿ ತೋಡುವ, ಬೇಲಿ ಸವರುವ, ಗಿಡ ನೆಡುವ ಶ್ರಮದಾನ. ಮಧ್ಯಾಹ್ನ ಉಪನ್ಯಾಸ, ಸಂಜೆ ಹಾಡು ನಾಟಕ. ಇದಕ್ಕೆ ಊರವರ ಆದರವೂ ಉಂಟು, ಮೆಲುನಗೆಯೂ ಉಂಟು. ಗುದ್ದಲಿಯನ್ನು ಹೇಗೆ ಹಿಡಿಯಬೇಕೆಂದು ಅರಿಶಿನದ ಹೊಲದಲ್ಲಿ ದುಡಿಯುವ ರೈತನಿಗೆ ಪೇಟೆಯ ಹುಡುಗ ಏನು ತಾನೆ ತೋರಿಸಿಯಾನು? ಚರಂಡಿಯನ್ನು ಊರವರೇ ಇನ್ನೂ ಚೆನ್ನಾಗಿ ತೋಡಬಲ್ಲರು. ಹೀಗಿರುವಲ್ಲಿ ಒಂದು ಪ್ರಶ್ನೆ ಏಳುತ್ತದೆ. ಭೌತವಿಜ್ಞಾನ ಓದುವ ಬಿ.ಎಸ್ಸಿ. ವಿದ್ಯಾರ್ಥಿಯೊಬ್ಬ ಹಳ್ಳಿಗೆ ಬಂದಾಗ, ಅವನೇ ಕೊಡಬಹುದಾದದ್ದು ಯಾವುದು?

ಈ ಪ್ರಶ್ನೆ ಕನ್ನಡನಾಡಿಗೆ ಹೊಸದಲ್ಲ. 1918ರಷ್ಟು ಹಿಂದೆಯೇ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶಯ್ಯಂಗಾರ್ಯರೊಡನೆ ಸೇರಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಪತ್ರಿಕೆ ಬಹುಕಾಲ ಬಾಳಲಿಲ್ಲವಾದರೂ, ವಿಜ್ಞಾನವನ್ನು ಕನ್ನಡದಲ್ಲಿ ಹೇಳಬಹುದೆಂಬುದು ಅದರಿಂದ ಸಿದ್ಧವಾಯಿತು. ಗೌರಿಬಿದನೂರಿನ ಬಳಿಯ ಹೊಸೂರಿನ ಬಡ ಮನೆತನದಲ್ಲಿ 1920ರಲ್ಲಿ ಹುಟ್ಟಿ, ಓದಿನ ಆಸೆಯಿಂದ ಬೆಂಗಳೂರಿಗೆ ನಡೆದೇ ಬಂದ ಬಾಲಕನೊಬ್ಬ ಮುಂದೆ ನ್ಯಾಷನಲ್ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕ ಡಾಕ್ಟರ್ ಎಚ್. ನರಸಿಂಹಯ್ಯನವರಾದರು. ಅವರು 1962ರಲ್ಲಿ ಕಟ್ಟಿದ ಬೆಂಗಳೂರು ಸೈನ್ಸ್ ಫೋರಂ, ಜನಸಾಮಾನ್ಯರಿಗೆ ವಾರವಾರವೂ ವಿಜ್ಞಾನದ ಉಪನ್ಯಾಸಗಳನ್ನು ಏರ್ಪಡಿಸಿತು. 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಸ್ಥಾಪನೆಯಾಯಿತು. ಅದರ ‘ಬಾಲ ವಿಜ್ಞಾನ’ ಹಳ್ಳಿಯ ಶಾಲೆಗಳಿಗೂ ತಲುಪಿತು.

ಆದರೆ ಹೇಳುವುದು ಒಂದು, ಮಾಡಿಸುವುದು ಇನ್ನೊಂದು. ಮಾಡಿಸುವ ದಾರಿಯನ್ನು ದೊಡ್ಡ ಪ್ರಮಾಣದಲ್ಲಿ ತೋರಿಸಿದ್ದು ಮಧ್ಯಪ್ರದೇಶದ ಒಂದು ಜಿಲ್ಲೆ. ಈಗ ನರ್ಮದಾಪುರಂ ಎನಿಸಿಕೊಂಡಿರುವ ಹೋಶಂಗಾಬಾದಿನಲ್ಲಿ 1972ರಲ್ಲಿ ಹದಿನಾರು ಹಳ್ಳಿ ಶಾಲೆಗಳಿಂದ ಆ ಪ್ರಯತ್ನ ಮೊದಲಾಯಿತು. ದೆಹಲಿ ವಿಶ್ವವಿದ್ಯಾನಿಲಯದಿಂದಲೂ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಿಂದಲೂ ಬಂದ ಭೌತವಿಜ್ಞಾನಿಗಳು ಹಳ್ಳಿಯ ಮೇಷ್ಟರುಗಳೊಡನೆ ಕುಳಿತು ಪಾಠಗಳನ್ನು ರೂಪಿಸಿದರು. ಅಲ್ಲಿನ ನಿಯಮ ಸರಳ: ಮಗು ಮೊದಲು ತನ್ನ ಕೈಯಿಂದ ಮಾಡಿ ನೋಡಬೇಕು, ಕಂಡದ್ದನ್ನು ಬರೆಯಬೇಕು, ಆಮೇಲೆ ಮಾತು. ಮೂವತ್ತು ವರ್ಷ ನಡೆದ ಆ ಕಾರ್ಯಕ್ರಮ 2002ರಲ್ಲಿ ಸರ್ಕಾರದ ತೀರ್ಮಾನದಿಂದ ನಿಂತುಹೋಯಿತು. ಅದು ಕಲಿಸಿದ ಪಾಠ ಮಾತ್ರ ನಿಂತಿಲ್ಲ. ಒಂದು ಶಿಬಿರಕ್ಕೆ ಏಳೇ ದಿನಗಳಿದ್ದರೂ ಆ ನಿಯಮವನ್ನು ಪಾಲಿಸಲು ಅಡ್ಡಿಯಿಲ್ಲ. ಉಡಿಗಾಲದಂಥ ಊರಿನ ಶಾಲೆಯ ಅಂಗಳದಲ್ಲಿ ಅದಕ್ಕೆ ಬೇಕಾದ ಸಲಕರಣೆಗಳೆಲ್ಲ ಆಗಲೇ ಇವೆ.

ಮೊದಲನೆಯದು ಒಂದು ಕೋಲು. ಮೀಟರು ಉದ್ದದ ನೆಟ್ಟನೆಯ ಕೋಲನ್ನು ಅಂಗಳದಲ್ಲಿ ತೂಗುಗುಂಡು ಹಿಡಿದು ಲಂಬವಾಗಿ ನೆಡುವುದು. ಹತ್ತು ಗಂಟೆಯಿಂದ ಎರಡು ಗಂಟೆಯವರೆಗೆ ಅದರ ನೆರಳಿನ ತುದಿಗೆ ಕಾಲುಗಂಟೆಗೊಂದು ಕಲ್ಲಿಡುವುದು. ನಮ್ಮ ಹಿಂದಿನ ಜ್ಯೋತಿಷಿಗಳು ಇದೇ ಕೋಲನ್ನು ಶಂಕು ಎಂದು ಕರೆದು, ಬೆಳಗಿನ ನೆರಳೂ ಮಧ್ಯಾಹ್ನದ ನೆರಳೂ ಒಂದೇ ವೃತ್ತವನ್ನು ಮುಟ್ಟುವ ಎರಡು ಬಿಂದುಗಳನ್ನು ಸೇರಿಸಿ ಪೂರ್ವಪಶ್ಚಿಮ ರೇಖೆಯನ್ನು ಕಂಡುಕೊಳ್ಳುತ್ತಿದ್ದರು. ಮಕ್ಕಳಿಗೆ ಇದು ಆಟ. ಹನ್ನೆರಡು ಗಂಟೆಗೆ ನೆರಳು ಅತಿ ಚಿಕ್ಕದಾಗುತ್ತದೆಂದು ಎಲ್ಲರೂ ಬಲ್ಲರು. ಕಾಲೇಜಿನ ಅಣ್ಣಂದಿರೂ ಹಾಗೆಂದೇ ಹೇಳಿಬಿಡುವುದುಂಟು. ಆದರೆ ಕಲ್ಲುಗಳು ಬೇರೆ ಮಾತನ್ನು ಹೇಳುತ್ತವೆ.

“ಅಣ್ಣ, ಗಂಟೆ ಹನ್ನೆರಡಾದ್ರೂ ನೆಳ್ಳು ಇನ್ನೂ ಕುಗ್ತಾನೇ ಅದಲ್ಲ, ಯಾಕ?” ಎಂದು ಏಳನೆಯ ತರಗತಿಯ ಹುಡುಗಿ ಕೇಳಿದರೆ, ಬಿ.ಎಸ್ಸಿ. ಓದುವ ಅಣ್ಣ ತಲೆ ಕೆರೆದುಕೊಳ್ಳಬೇಕಾಗುತ್ತದೆ. ಉತ್ತರ ಅವನ ಪುಸ್ತಕದಲ್ಲೇ ಇದೆ. ಅದನ್ನು ಅವನು ಅಂಗಳಕ್ಕೆ ತಂದವನಲ್ಲ ಅಷ್ಟೆ. ನಮ್ಮ ಗಡಿಯಾರಗಳೆಲ್ಲ ನಡೆಯುವುದು ಉತ್ತರಪ್ರದೇಶದ ಮಿರ್ಜಾಪುರದ ಬಳಿ ಹಾಯುವ ಎಂಬತ್ತೆರಡೂವರೆ ಡಿಗ್ರಿ ರೇಖಾಂಶದ ಸೂರ್ಯನನ್ನು ನಂಬಿ. ಈ ಬಯಲು ಅದರಿಂದ ಸುಮಾರು ಐದೂಮುಕ್ಕಾಲು ಡಿಗ್ರಿ ಪಶ್ಚಿಮಕ್ಕಿದೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಇಲ್ಲಿಯ ಮಧ್ಯಾಹ್ನ ಇಪ್ಪತ್ತಮೂರು ನಿಮಿಷ ತಡ. ಅದರ ಮೇಲೆ ಭೂಮಿಯ ಅಕ್ಷದ ಓರೆಯೂ ಕಕ್ಷೆಯ ದೀರ್ಘವೃತ್ತವೂ ಸೇರಿ ಈ ವೇಳೆಯನ್ನು ವರ್ಷದುದ್ದಕ್ಕೂ ಹಿಂದೆಮುಂದೆ ಎಳೆಯುತ್ತವೆ: ಏಪ್ರಿಲ್ ಕೊನೆಯ ಹೊತ್ತಿಗೆ 12 ಗಂಟೆ 21 ನಿಮಿಷ, ನವೆಂಬರಿನ ಮೊದಲಲ್ಲಿ 12 ಗಂಟೆ 6 ನಿಮಿಷ, ಫೆಬ್ರವರಿಯ ನಡುವೆ 12 ಗಂಟೆ 37 ನಿಮಿಷದ ಸುಮಾರಿಗೆ ಉಡಿಗಾಲದ ನಿಜವಾದ ನಡುಹಗಲು. ಊರಿಗೆ ತನ್ನದೇ ಒಂದು ಮಧ್ಯಾಹ್ನವುಂಟೆಂದು, ಅದನ್ನು ಕಲ್ಲುಗಳಿಂದ ಹಿಡಿಯಬಹುದೆಂದು ತಿಳಿದ ಹುಡುಗಿ, ಗೋಡೆಯ ಗಡಿಯಾರವನ್ನು ಮತ್ತೆ ಅದೇ ಕಣ್ಣಿನಿಂದ ನೋಡಲಾರಳು.

ಈ ಕೋಲು ಇನ್ನೂ ಹೆಚ್ಚಿನದನ್ನು ಹೇಳಬಲ್ಲದು. ವರ್ಷದಲ್ಲಿ ಎರಡು ದಿನ, ಏಪ್ರಿಲ್ 21ರ ಸುಮಾರಿಗೂ ಆಗಸ್ಟ್ 22ರ ಸುಮಾರಿಗೂ, ಇಲ್ಲಿ ಸೂರ್ಯ ಸರಿಯಾಗಿ ನಡುನೆತ್ತಿಗೆ ಬರುತ್ತಾನೆ. ಆಗ ಕೋಲಿನ ನೆರಳು ಕೋಲಿನ ಬುಡದಲ್ಲೇ ಅಡಗಿಹೋಗುತ್ತದೆ. ಅದೇ ಏಪ್ರಿಲ್ ದಿನ ದೂರದ ವಿಜಯಪುರದಲ್ಲಿ ಇಂಥದೇ ಒಂದು ಮೀಟರಿನ ಕೋಲು ನೆಟ್ಟಿದ್ದರೆ, ಅಲ್ಲಿಯ ಮಧ್ಯಾಹ್ನಕ್ಕೆ ಅದು ಉತ್ತರಕ್ಕೆ ಸುಮಾರು ಒಂಬತ್ತು ಸೆಂಟಿಮೀಟರು ನೆರಳು ಚೆಲ್ಲುತ್ತದೆ. ಎಂದರೆ ಐದು ಡಿಗ್ರಿ ಕೋನ. ಭೂಪಟದಲ್ಲಿ ಈ ಎರಡು ಊರುಗಳ ನಡುವಣ ನೇರ ಉತ್ತರದಕ್ಷಿಣ ಅಂತರ ಸುಮಾರು 550 ಕಿಲೋಮೀಟರು. ಪೂರ್ಣ ವೃತ್ತದಲ್ಲಿ ಐದು ಡಿಗ್ರಿಯ ತುಂಡುಗಳು 72. 550ನ್ನು 72ರಿಂದ ಗುಣಿಸಿದರೆ 39,600. ಭೂಮಿಯ ಸುತ್ತಳತೆ 40,000 ಕಿಲೋಮೀಟರು! ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಎರಟೋಸ್ತನೀಸನು ಮಾಡಿದ ಲೆಕ್ಕ ಇದೇ. ಅವನಿಗೆ ಇದ್ದದ್ದು ಬಾವಿಯೊಂದರ ಸುದ್ದಿ. ಇಂದಿನ ಮಕ್ಕಳಿಗೆ ಮೊಬೈಲ್ ಫೋನು ಇದೆ. ಎರಡು ಊರುಗಳ ಎರಡು ಶಾಲೆಗಳು ಒಂದೇ ದಿನ ಮಾತಾಡಿಕೊಂಡರೆ, ಎರಡು ಕೋಲುಗಳ ನಡುವೆ ಇಡೀ ಭೂಮಂಡಲವೇ ಸಿಕ್ಕಿಬೀಳುತ್ತದೆ.

ಎರಡನೆಯ ಸಲಕರಣೆ ಮರದ ನೆರಳು. ಹೊಂಗೆಯಡಿಯಲ್ಲಿ ನೆಲದ ಮೇಲೆ ಬಿದ್ದ ಬೆಳಕಿನ ಚುಕ್ಕೆಗಳನ್ನು ಯಾರು ನೋಡಿಲ್ಲ? ಎಲೆಗಳ ಸಂದು ಮೂಲೆಮೂಲೆಯಾಗಿ, ಸೊಟ್ಟಸೊಟ್ಟಗಿದ್ದರೂ ಚುಕ್ಕೆಗಳು ಮಾತ್ರ ದುಂಡಗಿರುತ್ತವೆ. ಏಕೆಂದರೆ ಅವು ಸಂದಿನ ಆಕಾರಗಳಲ್ಲ, ಸೂರ್ಯನ ಬಿಂಬಗಳು. ರಟ್ಟಿನಲ್ಲಿ ಮೂರು ಮೂಲೆಯ ಚಿಕ್ಕ ತೂತು ಕೊರೆದು, ಅದರ ಬೆಳಕನ್ನು ದೂರದ ಬಿಳಿಯ ಕಾಗದದ ಮೇಲೆ ಬೀಳಿಸಿ ನೋಡಿದರೆ ಮಕ್ಕಳಿಗೆ ಇದು ತಾನಾಗಿಯೇ ತಿಳಿಯುತ್ತದೆ. ಕಾಗದ ತೂತಿನ ಹತ್ತಿರವಿದ್ದಾಗ ಮೂರು ಮೂಲೆ, ದೂರ ಸರಿದಂತೆ ದುಂಡು. 2019ರ ಡಿಸೆಂಬರ್ 26ರಂದು ಕಾಸರಗೋಡು, ಕೊಡಗುಗಳ ಭಾಗಗಳಲ್ಲಿ ಕಂಕಣ ಸೂರ್ಯಗ್ರಹಣವಾಯಿತು. ಚಾಮರಾಜನಗರದ ಸೀಮೆಯಲ್ಲೂ ಸೂರ್ಯನ ಬಹುಭಾಗ ಮರೆಯಾಗಿತ್ತು. ಅಂಥ ಹೊತ್ತಿನಲ್ಲಿ ಅದೇ ಹೊಂಗೆಯ ಕೆಳಗೆ ಸಾವಿರ ಕುಡುಗೋಲುಗಳು ಮೂಡುತ್ತವೆ. ಗ್ರಹಣವೆಂದು ಬಾಗಿಲು ಹಾಕಿಕೊಂಡ ಮನೆಗಳ ಮಕ್ಕಳಿಗೆ ಆ ನೋಟ ತಪ್ಪಿಹೋಗುತ್ತದೆ. ಬರಿಗಣ್ಣಿನಿಂದ ಸೂರ್ಯನನ್ನು ನೋಡಬಾರದೆಂಬ ಮಾತು ನಿಜ. ಅದಕ್ಕೆ ಕಾರಣ ಕಣ್ಣಿನ ಪರದೆ ಸುಟ್ಟೀತೆಂಬುದು. ನೆಲದ ಮೇಲಿನ ಬಿಂಬವನ್ನು ನೋಡಲು ಯಾವ ಅಂಜಿಕೆಯೂ ಬೇಡ. ತೂತು ಕೊರೆದ ರಟ್ಟನ್ನು ಕೈಯಲ್ಲಿ ಹಿಡಿದಿದ್ದ ಮಗುವಿಗೆ ಈ ಎರಡು ಮಾತುಗಳ ನಡುವಣ ವ್ಯತ್ಯಾಸವನ್ನು ಉಪನ್ಯಾಸ ಮಾಡಿ ತಿಳಿಸಬೇಕಾಗಿಲ್ಲ.

ಮೂರನೆಯದು ನೀರು. ಗುಂಡ್ಲುಪೇಟೆ ತಾಲ್ಲೂಕಿನ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಆ ಹೆಸರು ತಂದದ್ದು ಅದರ ನೆತ್ತಿಯ ಮಂಜು. 1,454 ಮೀಟರು ಎತ್ತರದ ಆ ಬೆಟ್ಟ ಮೋಡದಲ್ಲಿ ಮೀಯುತ್ತಿರುವಾಗಲೂ ಕೆಳಗಿನ ಬಯಲು ಮಳೆಗಾಗಿ ಬಾಯಿಬಿಡುವುದುಂಟು. ಮುಂಗಾರಿನ ಮೋಡ ತನ್ನ ಹೊರೆಯನ್ನು ವಯನಾಡಿನ, ನೀಲಗಿರಿಯ ಪಡುವಣ ಇಳಿಜಾರುಗಳಲ್ಲೇ ಇಳಿಸಿ ಬರುತ್ತದೆ. ಈ ಸೀಮೆ ಇರುವುದು ಮಳೆಯ ಮರೆಯಲ್ಲಿ. ಗಾಳಿ ಮೇಲೇರಿದಾಗ ಹಿಗ್ಗಿ ತಣಿಯುತ್ತದೆ, ತಣಿದಾಗ ಮೋಡವಾಗುತ್ತದೆ ಎಂದು ಬಾಯಲ್ಲಿ ಹೇಳಿದರೆ ಮಗು ತಲೆಯಾಡಿಸೀತು. ಎಸೆದ ಪ್ಲಾಸ್ಟಿಕ್ ಬಾಟಲಿಯೊಂದರಲ್ಲಿ ಎರಡು ಚಮಚ ಬೆಚ್ಚನೆಯ ನೀರು ಹಾಕಿ, ಆರಿಸಿದ ಬೆಂಕಿಕಡ್ಡಿಯ ಹೊಗೆಯನ್ನು ಒಳಗೆ ಬಿಟ್ಟು, ಮುಚ್ಚಳ ಬಿಗಿದು ಬಲವಾಗಿ ಹಿಚುಕಿ ಥಟ್ಟನೆ ಬಿಟ್ಟರೆ, ಒಳಗೆ ಬಿಳಿಯ ಮೋಡ ಕವಿಯುತ್ತದೆ. ಮತ್ತೆ ಹಿಚುಕಿದರೆ ಮಾಯ. ಗೋಪಾಲಸ್ವಾಮಿಯ ಮಂಜನ್ನು ಹೀಗೆ ಅಂಗೈಯಲ್ಲಿ ಹಿಡಿದ ಹುಡುಗ ಅದನ್ನು ಅವ್ವನಿಗೆ ತೋರಿಸದೆ ಇರಲಾರ.

ಈ ನೀರೇ ಕಾಲೇಜಿನವರಿಗೂ ಒಂದು ಪೆಟ್ಟು ಕೊಡುತ್ತದೆ. ಶಿಬಿರದ ಅಡಿಗೆಯ ಒಲೆಯ ಮೇಲೆ ಕುದಿಯುವ ನೀರಿನಲ್ಲಿ ಉಷ್ಣಮಾಪಕ ಅದ್ದಿದರೆ ಅದು 97 ಡಿಗ್ರಿಯ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಉಷ್ಣಮಾಪಕ ಕೆಟ್ಟಿದೆ ಎನ್ನುವುದು ಮೊದಲ ಊಹೆ. ಪರೀಕ್ಷೆಯಲ್ಲಿ ನೂರು ಎಂದು ಬರೆದು ಅಂಕ ಪಡೆದವರಲ್ಲವೆ? ನೂರು ಡಿಗ್ರಿ ಮಂಗಳೂರಿನ ಕಡಲತೀರದ ಮಾತು. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ, ಕುದಿಯುವ ಬಿಂದುವೂ ಇಳಿಯುತ್ತದೆ. ಗೋಪಾಲಸ್ವಾಮಿ ಬೆಟ್ಟದ ಮೇಲೆ ಅದು 95ರ ಹತ್ತಿರ. ಅಲ್ಲಿ ಬೇಳೆ ಬೇಯಲು ಹೆಚ್ಚು ಹೊತ್ತು ಬೇಕೆಂಬುದು ಅಡಿಗೆಯವರಿಗೆ ಅನುಭವದಿಂದ ತಿಳಿದೀತು. ಪುಸ್ತಕದ ವಾಕ್ಯದಲ್ಲಿದ್ದ ‘ಸಮುದ್ರಮಟ್ಟದಲ್ಲಿ’ ಎಂಬ ಪದವನ್ನು ಇಷ್ಟು ದಿನ ಹಾರಿಸಿ ಓದಿದ್ದು ವಿದ್ಯಾರ್ಥಿಗೆ ಆಗ ಅರಿವಾಗುತ್ತದೆ.

ಇವೆಲ್ಲ ಕುತೂಹಲದ ಸಂಗತಿಗಳಾದವು. ಆದರೆ ಈ ಸೀಮೆಯಲ್ಲಿ ಭೌತವಿಜ್ಞಾನ ಪ್ರಾಣದ ಪ್ರಶ್ನೆಯೂ ಹೌದು. ಬಂಡೀಪುರದ ಕಾಡಿನ ಅಂಚಿನ ಹೊಲಗಳಿಗೆ ಆನೆ, ಕಾಡುಹಂದಿಗಳು ನುಗ್ಗುತ್ತವೆ. ಅವುಗಳನ್ನು ತಡೆಯಲು ರೈತರು ಸೌರಬೇಲಿ ಹಾಕುತ್ತಾರೆ. ಸರಿಯಾದ ಸೌರಬೇಲಿಯ ತಂತಿಯಲ್ಲಿ ಸಾವಿರಾರು ವೋಲ್ಟು ಹರಿದರೂ, ಅದು ಸೆಕೆಂಡಿಗೊಮ್ಮೆ, ಸಾವಿರದಲ್ಲೊಂದು ಪಾಲಿಗಿಂತ ಕಡಿಮೆ ಹೊತ್ತು ಬಂದುಹೋಗುವ ಮಿಡಿತ. ಮುಟ್ಟಿದ ಪ್ರಾಣಿ ಬೆಚ್ಚಿ ಹಿಂದೆ ಸರಿಯುತ್ತದೆ, ಸಾಯುವುದಿಲ್ಲ. ಮನೆಯ 230 ವೋಲ್ಟಿನ ಕರೆಂಟನ್ನೇ ಕದ್ದು ತಂತಿಗೆ ಕೊಟ್ಟರೆ ಆ ಹರಿವಿಗೆ ಬಿಡುವಿಲ್ಲ. ಸ್ನಾಯುಗಳು ಸೆಟೆದು, ಹಿಡಿದ ಕೈ ಬಿಡಲಾಗುವುದಿಲ್ಲ. ಅಂಥ ಬೇಲಿಗೆ ಆನೆಗಳು ಬಲಿಯಾಗಿವೆ, ಮನುಷ್ಯರೂ ಬಲಿಯಾಗಿದ್ದಾರೆ. ಅದು ಕಾನೂನಿನ ಕಣ್ಣಿನಲ್ಲೂ ಅಪರಾಧ. “ಸಾವಿರಾರು ವೋಲ್ಟು ಕೊಲ್ಲೋದಿಲ್ಲ ಅಂದ್ಮೇಲೆ ಇನ್ನೂರ ಮೂವತ್ತು ಹೆಂಗ್ ಕೊಲ್ತದ?” ಎಂಬುದು ಬುದ್ಧಿವಂತನ ಪ್ರಶ್ನೆ, ಎಷ್ಟು ವೋಲ್ಟು ಎಂಬುದೊಂದೇ ಸಾಲದು, ಎಷ್ಟು ಕರೆಂಟು, ಎಷ್ಟು ಹೊತ್ತು ಎಂಬುದೂ ಬೇಕು ಎಂದು ಬಿಡಿಸಿ ಹೇಳಬಲ್ಲವನು ಭೌತವಿಜ್ಞಾನದ ವಿದ್ಯಾರ್ಥಿ.

ಇದನ್ನು ತೋರಿಸಲು ಅಪಾಯದ ತಂತಿಯ ಬಳಿಗೆ ಹೋಗಬೇಕಾಗಿಲ್ಲ. ಟಾರ್ಚಿನ ಮೂರು ಸೆಲ್ಲು, ಒಂದು ಚಿಕ್ಕ ಎಲ್.ಇ.ಡಿ. ದೀಪ, ಎರಡು ತಂತಿ, ಒಂದು ಬಟ್ಟಲು ನೀರು ಸಾಕು. ಬರಿಯ ನೀರಿನಲ್ಲಿ ತಂತಿಗಳ ತುದಿ ಅದ್ದಿದಾಗ ದೀಪ ಮಂಕಾಗಿ ಉರಿದೀತು, ಅಥವಾ ಉರಿಯದೆಯೂ ಇದ್ದೀತು. ಒಂದು ಚಿಟಿಕೆ ಉಪ್ಪು ಹಾಕಿದೊಡನೆ ಬೆಳಗುತ್ತದೆ. ಬೆವರಿನಲ್ಲಿ ಉಪ್ಪಿದೆ, ಕೆಸರಿನಲ್ಲಿ ಲವಣಗಳಿವೆ. ಪಂಪ್‌ಸೆಟ್ಟಿನ ಸ್ವಿಚ್ಚನ್ನು ಒದ್ದೆ ಕೈಯಲ್ಲಿ, ಬರಿಗಾಲಲ್ಲಿ ಮುಟ್ಟಬಾರದೆಂಬ ಅಪ್ಪನ ಗದರಿಕೆಗೆ ಹೀಗೆ ಕಾರಣ ದೊರೆಯುತ್ತದೆ. ಗದರಿಕೆ ಮರೆತುಹೋಗಬಹುದು, ತಾನೇ ಉಪ್ಪು ಹಾಕಿ ಬೆಳಗಿಸಿದ ದೀಪವನ್ನು ಮರೆಯುವುದು ಕಷ್ಟ.

ಈ ಕೆಲಸಕ್ಕೆ ತೊಡಕುಗಳಿಲ್ಲವೆಂದಲ್ಲ. ಮೊದಲ ತೊಡಕು ಭಾಷೆಯದು. ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿ ಕಲಿತ ಪಾಠ ಹಳ್ಳಿಯ ಅಂಗಳದಲ್ಲಿ ನಾಲಗೆಗೆ ಬರುವುದಿಲ್ಲ. ಒತ್ತಡ, ವೇಗ, ಬಿಂಬ ಎಂಬ ಶಬ್ದಗಳು ಸಿಕ್ಕಿದರೂ, ಅವುಗಳ ಬೆನ್ನಿಗೆ ಒಂದು ಉದಾಹರಣೆ ಬೇಕು. ಉದಾಹರಣೆ ಕೊಡಲು ಹೊರಟಾಗಲೇ ತನಗೆ ವಿಷಯ ಎಷ್ಟು ಗೊತ್ತೆಂಬುದು ತಿಳಿಯುವುದು. ಕಣದಲ್ಲಿ ರಾಗಿ ತೂರುವಾಗ ಹೊಟ್ಟು ಹಾರಿ ಕಾಳು ಕಾಲಬಳಿ ಬೀಳುವುದನ್ನು ಕಂಡ ಮಗುವಿಗೆ ಗಾಳಿಯ ತಡೆಯನ್ನು ಹೊಸದಾಗಿ ಕಲಿಸಬೇಕಾಗಿಲ್ಲ; ಅದಕ್ಕೊಂದು ಹೆಸರು ಕೊಟ್ಟರೆ ಸಾಕು. ಇನ್ನೊಂದು ತೊಡಕು, ಹುಡುಗರು ಮುಂದೆ ನುಗ್ಗಿ ಕೋಲು, ಬಾಟಲಿಗಳನ್ನು ಕೈವಶ ಮಾಡಿಕೊಳ್ಳುವುದು, ಹುಡುಗಿಯರು ಹಿಂದೆ ನಿಂತು ಬರೆದುಕೊಳ್ಳುವುದು. ಶಿಬಿರಕ್ಕೆ ಬಂದ ಕಾಲೇಜಿನ ಅಕ್ಕಂದಿರು ಇದ್ದರೆ ಈ ಸಾಲು ಸಡಿಲವಾಗುತ್ತದೆ. ವಿಜ್ಞಾನ ಓದುವ ಅಕ್ಕ ಒಬ್ಬಳು ತಂತಿ ಜೋಡಿಸಿ ದೀಪ ಹೊತ್ತಿಸಿದುದನ್ನು ಕಂಡಾಗ, ಪಿ.ಯು.ಸಿ.ಯಲ್ಲಿ ವಿಜ್ಞಾನ ತೆಗೆದುಕೊಳ್ಳಬಹುದೇ ಎಂಬ ಪ್ರಶ್ನೆ ಒಂದು ಮನೆಯಲ್ಲಾದರೂ ಎದ್ದೀತು.

ಮೂರನೆಯ ತೊಡಕೇ ದೊಡ್ಡದು. ಏಳು ದಿನಗಳಾದ ಮೇಲೆ ಏನು? ಸಮಾರೋಪದ ಭಾಷಣ, ಹಾರ, ಛಾಯಾಚಿತ್ರ ಮುಗಿದು ಬಸ್ಸು ಹೊರಟಾಗ ಜೊತೆಯಲ್ಲೇ ಪ್ರಯೋಗವೂ ಹೊರಟುಹೋದರೆ, ಅದು ಜಾತ್ರೆಯ ಇಂದ್ರಜಾಲಕ್ಕಿಂತ ಹೆಚ್ಚಿನದೇನೂ ಆಗಲಿಲ್ಲ. ಆದಕಾರಣವೇ ಸಲಕರಣೆ ಊರಿನದಾಗಿರಬೇಕು, ಅಳೆದವರು ಊರಿನ ಮಕ್ಕಳಾಗಿರಬೇಕು, ಅಳತೆಯ ಪುಸ್ತಕ ಶಾಲೆಯ ಬೀರುವಿನಲ್ಲಿ ಉಳಿಯಬೇಕು. ಕಾಲೇಜಿನ ಹೊಳೆಯುವ ಯಂತ್ರವನ್ನು ತಂದು ದೂರದಿಂದ ತೋರಿಸಿ ಹಿಂದಕ್ಕೊಯ್ದರೆ, ವಿಜ್ಞಾನ ಪೇಟೆಯವರ ಸ್ವತ್ತೆಂಬ ಭಾವನೆ ಮಗುವಿನಲ್ಲಿ ಗಟ್ಟಿಯಾಗುವುದೇ ಹೊರತು ಬೇರೇನೂ ಆಗದು.

ಉಡಿಗಾಲದ ದಾರಿಯಲ್ಲಿ ಹೋಗುವವರಿಗೆ ಒಂದು ಮಾತನ್ನು ಹೇಳಬಹುದು. ನಿಮ್ಮ ಮನೆಯಲ್ಲಿ ಬಿ.ಎಸ್ಸಿ. ಓದುವ ಮಗನೋ ಮಗಳೋ ಇದ್ದು, ಹಳ್ಳಿಯ ಶಿಬಿರಕ್ಕೆ ಹೊರಟಿದ್ದರೆ, ಹಾಸಿಗೆಯ ಸುರುಳಿಯೊಳಗೆ ಒಂದು ಉಷ್ಣಮಾಪಕ, ಒಂದು ಅಳತೆಯ ಟೇಪು, ನಾಲ್ಕು ಟಾರ್ಚಿನ ಸೆಲ್ಲುಗಳನ್ನು ಇಟ್ಟುಕೊಡಿ. ಖರ್ಚು ಹೆಚ್ಚೇನಿಲ್ಲ. ಕೋಲು ಅಲ್ಲಿ ಸಿಗುತ್ತದೆ. ಬಿಸಿಲಿಗಂತೂ ಆ ಸೀಮೆಯಲ್ಲಿ ಬರವಿಲ್ಲ. “ಯಾಕಣ್ಣ?” ಎಂದು ಕೇಳುವ ಮಕ್ಕಳಂತೂ ಅಂಗಳದಲ್ಲಿ ಕಾದೇ ಇರುತ್ತಾರೆ. ಅವರಿಗೆ “ಗೊತ್ತಿಲ್ಲ, ಬಾ, ಅಳೆದು ನೋಡೋಣ” ಎಂದು ಉತ್ತರ ಕೊಡುವಷ್ಟು ಧೈರ್ಯವನ್ನು ಮಾತ್ರ ವಿದ್ಯಾರ್ಥಿ ತಾನೇ ಒದಗಿಸಿಕೊಳ್ಳಬೇಕು.